ನೀಲಿ ಹೊದಿಕೆ ಬಿಳಿಚಿದ ಬೆಳಿಗ್ಗೆ

ಗಾಜಿನ ಮುಚ್ಚಳ ಎತ್ತಿದವಳು ಹಾಗೇ ನಿಂತುಬಿಟ್ಟಳಂತೆ. ಕೂಗಲಿಲ್ಲ, ಅಳಲಿಲ್ಲ. “ಮಾವಾ, ಇಲ್ಲಿ ಬನ್ನಿ” ಎಂದಷ್ಟೇ ಅಂದಳಂತೆ.

ಮುಚ್ಚಳದ ಕೆಳಗೆ ಎರಡು ಅಂಗೈ ಅಗಲದ ಮರದ ಹಲಗೆ, ಅದರ ಮೇಲೆ ಚಿತ್ರ. ಮಧ್ಯಯುಗದ್ದು, ಏಳುನೂರು ವರ್ಷ ಹಳೆಯದು ಎಂದು ಸಂಗ್ರಹಾಲಯದ ಹೆಮ್ಮೆ. ಚಿನ್ನದ ರೇಕು ಅಂಟಿಸಿದ ಹಿನ್ನೆಲೆ. ಮೇಜಿಗೆ ಬಾಗಿ ಏನೋ ಬರೆಯುತ್ತಿರುವ ಹೆಂಗಸು. ಅವಳ ತಲೆಯಿಂದ ಮಂಡಿಯವರೆಗೆ ನೀಲಿ ಹೊದಿಕೆ. ಇಡೀ ಚಿತ್ರದಲ್ಲಿ ನೀಲಿ ಇದ್ದದ್ದು ಅಲ್ಲೊಂದೇ ಕಡೆ. ಆ ಬೆಳಿಗ್ಗೆ ಹೊದಿಕೆಯ ಮೇಲೆ ಒದ್ದೆ ಹತ್ತಿಯ ಪದರವೊಂದು ಕೂತಿತ್ತು. ಅದನ್ನು ಎತ್ತಿದರೆ ಕೆಳಗೆ ನೀಲಿಯೇ ಇಲ್ಲ! ಒಲೆಯ ಬೂದಿ ಬಳಿದ ಹಾಗೆ ಬಿಳಿಚಿಕೊಂಡ ಬಣ್ಣ.

ಹತ್ತಿ ಯಾರದು? ಮುಚ್ಚಳ ಎತ್ತಿದವಳದೇ. ಅವಳು ಜೀವಾಣು ಸಂಶೋಧಕಿ. ಚಿತ್ರದ ಅಂಚಿಗೆ ಯಾರೋ ಹಿಂದೆ ಮೆತ್ತಿದ್ದ ಗಟ್ಟಿ ಅಂಟನ್ನು ಬ್ಯಾಕ್ಟೀರಿಯಾಗಳಿಂದ ತಿನ್ನಿಸಿ ತೆಗೆಯುವುದು ಅವಳ ಕೆಲಸ. ಜೀವಾಣುಗಳನ್ನು ಒದ್ದೆ ಹತ್ತಿಗೆ ಸವರಿ ಅಂಟಿನ ಮೇಲಿಡುತ್ತಾಳೆ, ಸಂಜೆಗೆ ತೆಗೆಯುತ್ತಾಳೆ. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು — ಹುಳ ಬಿಟ್ಟು ಚಿತ್ರ ತಿನ್ನಿಸಿಬಿಟ್ಟಳು.

“ಸಂಜೆ ಆಡಳಿತ ಮಂಡಳಿ ಸೇರುತ್ತೆ,” ಎಂದರು ಸಂಗ್ರಹಾಲಯದ ನಿರ್ದೇಶಕಿ ಫೋನಿನಲ್ಲಿ. “ಅಷ್ಟರೊಳಗೆ ಬೇರೆ ಕಾರಣ ಸಿಗದಿದ್ದರೆ ಅವಳ ಪ್ರಯೋಗಾಲಯಕ್ಕೆ ಬೀಗ. ಅವಳಿಗೆ ಇನ್ನೆಲ್ಲೂ ಯಾರೂ ಚಿತ್ರ ಮುಟ್ಟೋಕೆ ಬಿಡಲ್ಲ. ಪೊಲೀಸರನ್ನ ಕರೆದರೆ ಊರೆಲ್ಲ ಗುಲ್ಲು. ನೀವೇ ಬರಬೇಕು ಮೇಡಂ.”

ಅವರು ಕರೆದದ್ದು ನನ್ನ ಅತ್ತಿಗೆಯನ್ನು. ಪೊಲೀಸ್ ಇಲಾಖೆಯಲ್ಲಿ ತನಿಖೆ ಮಾಡಿಮಾಡಿಯೇ ತಲೆ ನರೆಸಿಕೊಂಡು ನಿವೃತ್ತರಾದವರು. ನಾನು ಅವರ ನಾದಿನಿ. ಕನ್ನಡಕ ಹುಡುಕಿಕೊಡುವುದು, ಮಂಡಿನೋವಿನ ಮಾತ್ರೆ ನೆನಪಿಸುವುದು ನನ್ನ ಪಾಲಿನ ಕೆಲಸ.

“ಮಧ್ಯಯುಗದ ಚಿತ್ರ, ಬ್ಯಾಕ್ಟೀರಿಯಾ, ಕಲ್ಲಿನ ಬಣ್ಣ — ನಿಮಗೆ ಇದರಲ್ಲಿ ಯಾವುದು ಗೊತ್ತು ಅತ್ತಿಗೆ?” ಅಂದೆ ದಾರಿಯಲ್ಲಿ.

“ಯಾವುದೂ ಇಲ್ಲ. ಸುಳ್ಳು ಹೇಳೋರು ಗೊತ್ತು. ನೀನು ಮಾತ್ರೆ ತಂದಿದ್ದೀಯೋ ಇಲ್ವೋ?”

*

ಚಿತ್ರದ ಕೋಣೆಗೆ ಕಿಟಕಿಯಿಲ್ಲ. ಮೂಲೆಯಲ್ಲಿ ಎಗ್ಸಾಸ್ಟ್ ಫ್ಯಾನ್ ಹಗಲಿರುಳು ಗುಂಯ್ ಎನ್ನುತ್ತಿರುತ್ತದೆ. ಬೀಗದ ಕೈ ಇದ್ದದ್ದು ಮೂವರು ಸಂಶೋಧಕರಲ್ಲಿ ಮಾತ್ರ. ಈ ಹುಡುಗಿ ಒಬ್ಬಳು. ಬಣ್ಣದ ಖನಿಜಗಳನ್ನು ಪರೀಕ್ಷಿಸುವ ‘ಕಲ್ಲು ಮೇಷ್ಟ್ರು’ ಇನ್ನೊಬ್ಬರು. ಮೂರನೆಯವರು ಕಲೆಯ ಇತಿಹಾಸದ ಪ್ರೊಫೆಸರು, ಹುಡುಗಿಯ ಸೋದರಮಾವ. ತಾಯಿ ಸತ್ತ ಮೇಲೆ ಅವಳನ್ನು ಸಾಕಿ ಓದಿಸಿದವರು ಅವರೇ.

ಅತ್ತಿಗೆ ಮೊದಲು ಹುಡುಗಿಯನ್ನು ಕೂರಿಸಿಕೊಂಡರು.

“ಹತ್ತಿ ಎಲ್ಲಿಟ್ಟಿದ್ದೆ?”

“ಎಡಮೂಲೆಯಲ್ಲಿ. ಚಿನ್ನದ ಅಂಚಿನ ಮೇಲೆ. ನಿನ್ನೆ ಸಂಜೆ ತೆಗೆದೂಬಿಟ್ಟೆ. ನೀಲಿ ಹತ್ತಿರ ನಾನು ಹೋಗೇ ಇಲ್ಲ!”

“ಹಾಗಾದರೆ ಇವತ್ತಿದ್ದ ಹತ್ತಿ?”

“ಗೊತ್ತಿಲ್ಲ. ಆದರೆ ಅದರ ಮೇಲೆ ನನ್ನ ಬ್ಯಾಕ್ಟೀರಿಯಾನೇ ಇದೆ. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅದನ್ನ ಹೇಳಿದ್ದೂ ನಾನೇ.” ಅವಳು ಅತ್ತಿಗೆಯ ಮುಖ ನೋಡಿದಳು. “ಹೇಳಬಾರದಿತ್ತಾ?”

“ಹೇಳಿದ್ದು ಒಳ್ಳೇದಾಯ್ತು. ನಿನ್ನ ಸಂಸಾರ ತೋರಿಸು, ಬಾ.”

ಪಕ್ಕದ ಪ್ರಯೋಗಾಲಯಕ್ಕೆ ಬೀಗವೇ ಇಲ್ಲ. ಇನ್‌ಕ್ಯುಬೇಟರ್ ಅಂದರೆ ಬೆಚ್ಚಗಿನ ಕಪಾಟು. ಒಳಗೆ ಸಾಲಾಗಿ ದುಂಡನೆಯ ಗಾಜಿನ ತಟ್ಟೆಗಳು, ತಟ್ಟೆಯೊಳಗೆ ಜೀವಾಣು. ಅತ್ತಿಗೆ ಬಗ್ಗಿ ತುಂಬಾ ಹೊತ್ತು ನೋಡಿದರು. ಅವರ ಸೊಂಟ ಹಿಡಿದುಕೊಂಡಿತೇನೋ ಎಂದು ನಾನು ಕೈಕೊಡಲು ಹೋದೆ.

“ಇವೆಲ್ಲ ಬೋರಲು ಮಲಗಿವೆ. ಯಾಕಮ್ಮಾ?”

“ನಾವು ಇಡೋದೇ ಹಾಗೆ. ಅಂಗಾತ ಇಟ್ಟರೆ ಮುಚ್ಚಳಕ್ಕೆ ಹಬೆ ಕಟ್ಟಿ ನೀರು ಕೆಳಗೆ ಬೀಳುತ್ತೆ. ಬೆಳೆದಿದ್ದೆಲ್ಲ ಕಲಸಿಹೋಗುತ್ತೆ.”

“ಮತ್ತೆ ಆ ಕೊನೇದು?”

ಹುಡುಗಿ ನೋಡಿದಳು. ಕೆಳಗಿನ ಸಾಲಿನ ತುದಿಯ ತಟ್ಟೆ ಅಂಗಾತ ಮಲಗಿತ್ತು. ಮುಚ್ಚಳದಿಂದ ನೀರು ತೊಟ್ಟಿಕ್ಕಿ ಒಳಗೆಲ್ಲ ರಾಡಿ. ನಡುವೆ ಚಮಚದಲ್ಲಿ ಕೆರೆದ ಹಾಗೆ ಒಂದು ಗಾಯ.

“ಇದು... ನನ್ನ ಕೈ ಹೀಗಿಡಲ್ಲ,” ಎಂದಳು. “ನಿದ್ದೆಗಣ್ಣಲ್ಲೂ ಇಡಲ್ಲ!”

ಅತ್ತಿಗೆ ಕಪಾಟಿನ ಬಾಗಿಲು ಮುಚ್ಚಿದರು.

*

ಕಲ್ಲು ಮೇಷ್ಟ್ರು ಒರಟು ಮನುಷ್ಯ. ಬ್ಯಾಕ್ಟೀರಿಯಾ ಕೆಲಸವನ್ನು ಮೊದಲಿಂದಲೂ ಗೇಲಿ ಮಾಡಿದವರು. ಹುಡುಗಿಗೆ ‘ಮೊಸರಮ್ಮ’ ಎಂದು ಹೆಸರಿಟ್ಟವರೂ ಅವರೇ.

“ಮೊಸರಮ್ಮನ ಹುಳ ಅಲ್ಲ ಇದು,” ಎಂದರು ನಿಂತಲ್ಲೇ. “ಬಣ್ಣದ ಕೆಳಗೆ ಸುಣ್ಣದ ಪದರ ಇದೆ. ಅದು ಗುಳ್ಳೆ ಎದ್ದಿದೆ. ಆ್ಯಸಿಡ್ ಬಿದ್ದಿದೆ.”

“ಆ್ಯಸಿಡ್ ಯಾರ ಹತ್ತಿರ ಇರುತ್ತೆ?”

ಮೇಷ್ಟ್ರು ಕೋಟಿನ ಜೇಬಿಗೆ ಕೈಹಾಕಿ ಹನಿ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟರು.

“ನನ್ನ ಹತ್ತಿರ. ಕಲ್ಲು ಪರೀಕ್ಷೆ ಮಾಡೋರೆಲ್ಲ ಇಟ್ಟುಕೊಳ್ತಾರೆ. ಒಂದು ಹನಿ ಹಾಕಿದರೆ ಸುಣ್ಣಕಲ್ಲೋ ಅಲ್ವೋ ಗೊತ್ತಾಗುತ್ತೆ.”

“ತುಂಬಾ ಖಾಲಿಯಾಗಿದೆ?”

“ನಿನ್ನೆ ತುಂಬಿಸಿದ್ದೆ.” ಮೇಷ್ಟ್ರ ಮುಖ ಕೆಂಪಾಯಿತು. “ಕೋಟು ದಿನವಿಡೀ ಓಣಿಯ ಮೊಳೆಗೆ ನೇತಾಡ್ತಿರುತ್ತೆ. ಯಾರು ಬೇಕಾದರೂ ತೆಗೀಬಹುದು. ನನ್ನನ್ನೇ ಅನುಮಾನಿಸೋದಾದರೆ ನೇರ ಹೇಳಿ!”

“ಹೇಳೋ ಹೊತ್ತಿಗೆ ಹೇಳ್ತೀನಿ. ಇವತ್ತು ನಿಮಗೆ ಆ ನೀಲಿಯಲ್ಲಿ ಏನು ಕೆಲಸವಿತ್ತು?”

“ಚಿಟಿಕೆ ತೆಗೆದು ಪರೀಕ್ಷಿಸೋದಿತ್ತು. ಲ್ಯಾಪಿಸ್ ಅಂತ ನೀಲಿಗಲ್ಲು. ಆ ಕಾಲದವರು ಅದನ್ನೇ ಅರೆದು ಬಣ್ಣ ಮಾಡ್ತಿದ್ದರು. ಈಚಿನ ಕಾಲದಲ್ಲಿ ಅದೇ ನೀಲಿ ಕಾರ್ಖಾನೆಯಲ್ಲಿ ತಯಾರಾಗುತ್ತೆ. ಬರಿಗಣ್ಣಿಗೆ ಎರಡೂ ಒಂದೇ. ಕಾರ್ಖಾನೆಯದಾದರೆ ಚಿತ್ರ ನಕಲಿ.”

“ಈಗ?”

“ನೀಲಿಯೇ ಹೋಯ್ತಲ್ಲ. ಇನ್ನೇನು ಪರೀಕ್ಷೆ!” ಎಂದು ಎದ್ದು ಹೊರಟೇಹೋದರು.

ನನಗೆ ಅವರ ಮೇಲೇ ಅನುಮಾನ ಗಟ್ಟಿಯಾಯಿತು. ಆ್ಯಸಿಡ್ ಅವರದು. ಬಾಯಿಯೂ ಆ್ಯಸಿಡ್ಡೇ. ಅತ್ತಿಗೆಗೆ ಹೇಳಿದರೆ, “ಬಾಯಿ ಕೆಟ್ಟದಾದವರನ್ನೆಲ್ಲ ಹಿಡಿದಿದ್ದರೆ ನಮ್ಮತ್ತೇನ ಮೊದಲು ಹಿಡೀಬೇಕಿತ್ತು” ಎಂದರು. ಅವರ ಅತ್ತೆ ಅಂದರೆ ನನ್ನ ತಾಯಿ.

*

ಪ್ರೊಫೆಸರು ಬಂದಾಗ ಕೈಯಲ್ಲಿ ನೀರಿನ ಲೋಟ ಇತ್ತು. ಅದನ್ನು ಹೊರಗಿನ ಬೆಂಚಿನ ಮೇಲಿದ್ದ ಸೋದರಸೊಸೆಯ ಕೈಗೆ ಕೊಟ್ಟು, ಅವಳ ತಲೆ ಸವರಿ ಒಳಗೆ ಬಂದರು.

“ಅವಳನ್ನ ಜಾಸ್ತಿ ಕೇಳಬೇಡಿಮ್ಮಾ. ಮಗು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ತಪ್ಪು ಅವಳದಲ್ಲ. ಆ ಜೀವಾಣುಗಳನ್ನ ನಂಬಿದಳು, ಅಷ್ಟೇ.”

“ಜೀವಾಣುಗಳೇ ಮಾಡಿದ್ದು ಅಂತೀರಾ?”

“ಬೇರೆ ಏನಿರುತ್ತೆ? ಬೆಳಿಗ್ಗೆ ಒಳಗೆ ಕಾಲಿಟ್ಟ ಕೂಡಲೇ ನನಗೆ ಗೊತ್ತಾಯ್ತು. ನಾತ!”

“ಎಂಥ ನಾತ?”

“ಮೊದಲು ಮೂಗಿಗೆ ಚುರ್ ಅಂತು. ಆಮೇಲೆ ಕೊಳೆತ ಮೊಟ್ಟೆ. ಗಂಧಕ ತಿನ್ನೋ ಜೀವಾಣುಗಳು ಹಾಗೇ ನಾರ್ತವಂತೆ, ಓದಿದ್ದೀನಿ.” ಅವರು ಕಣ್ಣು ಒರೆಸಿಕೊಂಡರು. “ಆಡಳಿತ ಮಂಡಳಿಗೆ ಕೈಮುಗಿದು ಕೇಳ್ತೀನಿ, ಅವಳಿಗೆ ಶಿಕ್ಷೆ ಬೇಡ ಅಂತ. ಪ್ರಯೋಗಾಲಯ ಮುಚ್ಚಿದರೆ ಮುಚ್ಚಲಿ. ನನ್ನ ಮನೆ ಇದೆ.”

ಇಂಥ ಮಾವ ಎಲ್ಲರಿಗೂ ಸಿಗಬಾರದೇ ಎಂದುಕೊಂಡೆ. ಅತ್ತಿಗೆ ಮಾತ್ರ ಅವರು ಹೋದ ಬಾಗಿಲನ್ನೇ ನೋಡುತ್ತ ಕುಳಿತರು. ಆಮೇಲೆ ಎದ್ದು ಓಣಿಗೆ ಹೋಗಿ, ನಿರ್ದೇಶಕಿಯನ್ನು ಒಂದು ಪ್ರಶ್ನೆ ಕೇಳಿದರು. ಮೇಷ್ಟ್ರನ್ನೂ ಅದೇ ಪ್ರಶ್ನೆ. ಹುಡುಗಿಯನ್ನೂ ಅದೇ. ಮೇಷ್ಟ್ರು ಉತ್ತರ ಕೊಟ್ಟವರು, ಇದ್ದಕ್ಕಿದ್ದಂತೆ ಅತ್ತಿಗೆಯ ಮುಖ ನೋಡಿ, “ಅಯ್ಯೋ!” ಎಂದರು.

“ಕಲ್ಲಿನ ಚೂರು ಇದೆಯಾ ನಿಮ್ಮ ಹತ್ತಿರ?” ಎಂದರು ಅತ್ತಿಗೆ.

*

ಸಭೆಗೆ ಮುಂಚೆ ಎಲ್ಲರೂ ಮೇಷ್ಟ್ರ ಕೋಣೆಯಲ್ಲಿ ಸೇರಿದೆವು. ಮೇಜಿನ ಮೇಲೆ ಬಿಳಿ ಪಿಂಗಾಣಿ ತಟ್ಟೆ, ಅದರಲ್ಲಿ ಅರೆದ ಲ್ಯಾಪಿಸ್ ಚಿಟಿಕೆ. ಕಡುನೀಲಿ. ಮೇಷ್ಟ್ರು ಹನಿ ಬಾಟಲಿ ಒತ್ತಿದರು.

ನೀಲಿ ನಮ್ಮ ಕಣ್ಣೆದುರೇ ಸತ್ತಿತು. ಆ್ಯಸಿಡ್ಡಿನ ಘಾಟು ಮೊದಲು ಚುರ್ ಎಂದು ಮೂಗಿಗೆ ಹೊಡೆಯಿತು. ಹಿಂದೆಯೇ — ಕೊಳೆತ ಮೊಟ್ಟೆ! ನಾನು ಸೆರಗು ಮುಚ್ಚಿಕೊಂಡೆ.

“ಈ ಕಲ್ಲಿನ ಹೊಟ್ಟೆಯಲ್ಲಿ ಗಂಧಕ ಇದೆ,” ಎಂದರು ಮೇಷ್ಟ್ರು. “ಆ್ಯಸಿಡ್ ಬಿದ್ದರೆ ಹೊರಗೆ ಬರುತ್ತೆ. ಕಾರ್ಖಾನೆ ನೀಲಿಯೂ ಅಷ್ಟೇ.”

ಅತ್ತಿಗೆ ಫ್ಯಾನ್ ಹಾಕಿಸಿದರು. ಸ್ವಲ್ಪ ಹೊತ್ತಿಗೆ ಕೋಣೆ ತಿಳಿಯಾಯಿತು.

“ನಾತ ಇನ್ನೂ ಇದೆಯಾ ಪ್ರೊಫೆಸರೇ?”

“ಇಲ್ಲ...”

“ಇಷ್ಟು ಬೇಗ ಹೋಯ್ತು. ಆ ಕೋಣೆಯಲ್ಲಿ ರಾತ್ರಿಯಿಡೀ ಫ್ಯಾನ್ ಓಡಿದೆ. ಬೆಳಿಗ್ಗೆ ಅಲ್ಲಿಗೆ ಹೋದೋರು ನಾಲ್ಕು ಜನ. ಎಲ್ಲರನ್ನೂ ಕೇಳಿದೆ, ಯಾವ ವಾಸನೆ ಬಂತು ಅಂತ. ಮೂರು ಮೂಗಿಗೆ ಏನೂ ಬಂದಿಲ್ಲ. ನಾಲ್ಕನೇ ಮೂಗಿಗೆ ಮಾತ್ರ ಕೊಳೆತ ಮೊಟ್ಟೆ. ಹೇಗೆ?”

“ನಾನು... ಬ್ಯಾಕ್ಟೀರಿಯಾ ಅಂದರೆ ನಾತ ಇರುತ್ತೆ ಅಂತ ಊಹೆಯಲ್ಲಿ...”

“ನಿನ್ನವು ಹೇಗೆ ನಾರ್ತವಮ್ಮಾ?” ಅತ್ತಿಗೆ ಹುಡುಗಿಯ ಕಡೆ ತಿರುಗಿದರು.

“ಒಣಗದ ಒದ್ದೆ ಬಟ್ಟೆ ಹಾಗೆ,” ಎಂದಳು ಅವಳು. ಕಣ್ಣು ಮಾವನ ಮೇಲಿತ್ತು. “ಅವು ಗಂಧಕ ತಿನ್ನೋವಲ್ಲ. ಅಂಟು ತಿನ್ನೋವು.”

“ಊಹೆಯಾಗಿದ್ದರೆ ಬರೀ ಮೊಟ್ಟೆ ಅಂತಿದ್ದಿರಿ, ಪ್ರೊಫೆಸರೇ. ಪುಸ್ತಕದಲ್ಲಿ ಅಷ್ಟೇ ಇರುತ್ತೆ. ‘ಮೊದಲು ಚುರ್ ಅಂತು’ ಅಂದಿರಲ್ಲ, ಅದು ಆ್ಯಸಿಡ್ಡಿನ ಘಾಟು. ಆ ನೀಲಿ ಸಾಯುವಾಗ ಅದರ ಮೇಲೆ ಬಗ್ಗಿ ನಿಂತಿದ್ದೋರಿಗೆ ಮಾತ್ರ ಬರೋ ಘಾಟು.”

ಅತ್ತಿಗೆ ಒಂದೊಂದೇ ಬೆರಳು ಮಡಿಸುತ್ತ ಹೇಳಿದರು.

“ನಿನ್ನೆ ಸಂಜೆ ಮೇಷ್ಟ್ರ ಬಾಟಲಿ ತೆಗೆದಿರಿ. ನೀಲಿ ಸುಟ್ಟಿರಿ. ಒರೆಸಿ, ಹುಡುಗಿಯ ತಟ್ಟೆಯಿಂದ ಬ್ಯಾಕ್ಟೀರಿಯಾ ಕೆರೆದು, ಹತ್ತಿಗೆ ಸವರಿ ಮೇಲಿಟ್ಟಿರಿ. ತಟ್ಟೆ ವಾಪಸ್ ಇಡುವಾಗ, ಅಡುಗೆಮನೆ ತಟ್ಟೆ ಇಟ್ಟ ಹಾಗೆ, ಅಂಗಾತ ಇಟ್ಟಿರಿ. ಇವಳು ಹಾಗೆ ಇಡೋಳಲ್ಲ. ಮೇಷ್ಟ್ರಿಗೆ ಈ ನಾತ ಎಲ್ಲಿಂದ ಅಂತ ಗೊತ್ತು. ಅವರಾಗಿದ್ದರೆ ಅದರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಬ್ಯಾಕ್ಟೀರಿಯಾ ತಲೆಗೆ ಕಟ್ಟೋಕೆ ಅಂತ ನೀವು ನಾತ ತಂದಿರಿ. ಅದು ಕಲ್ಲಿನ ನಾತ!”

“ಮಾವಾ?” ಎಂದಳು ಹುಡುಗಿ.

ಪ್ರೊಫೆಸರು ಕುರ್ಚಿ ಹಿಡಿದು ಕೂತರು. “ಹೆಚ್ಚೆಂದರೆ ಪ್ರಯೋಗಾಲಯ ಮುಚ್ಚುತ್ತೆ, ನಿನ್ನನ್ನ ನಾನು ನೋಡಿಕೊಳ್ತೀನಿ ಅಂದುಕೊಂಡೆ, ಮರೀ...”

“ಯಾಕೆ ಮಾಡಿದಿರಿ? ಅದನ್ನ ಹೇಳಿ,” ಎಂದಳು ಹುಡುಗಿ.

“ಚಿತ್ರ ಅಸಲಿ ಅಂತ ಹೇಳಿದೋನು ನಾನು. ನನ್ನ ಮಾತಿನ ಮೇಲೆ ಕೊಂಡರು. ನನ್ನ ಹೆಸರು, ಪುಸ್ತಕ, ಎಲ್ಲ ಅದರ ಮೇಲೇ ನಿಂತಿದೆ. ಅದನ್ನ ಮಾರಿದವನು ಸಾಯೋ ಮುಂಚೆ ನನ್ನ ನೋಡಿ ನಕ್ಕ. ‘ಎಷ್ಟು ಸುಲಭಕ್ಕೆ ನಂಬಿಬಿಟ್ಟಿರಿ ಸ್ವಾಮಿ’ ಅಂದ. ಅಷ್ಟೇ ಅಂದದ್ದು. ಅವತ್ತಿಂದ ನನಗೆ ನಿದ್ದೆಯಿಲ್ಲ. ಇವರು ನೀಲಿ ಪರೀಕ್ಷೆ ಮಾಡ್ತೀನಿ ಅಂದಾಗ...”

“ನನ್ನ ತಲೆಗೆ ಕಟ್ಟಿದಿರಿ,” ಎಂದಳು ಅವಳು, ಮೆಲ್ಲಗೆ. “ಬೆಳಿಗ್ಗೆ ಅಷ್ಟು ಜನರಲ್ಲಿ ನಾನು ಕರೆದದ್ದು ನಿಮ್ಮನ್ನೇ.”

ಅಷ್ಟರಲ್ಲಿ ಕಲ್ಲು ಮೇಷ್ಟ್ರು ಗೊಣಗಿದರು. ಅವರು ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ತಟ್ಟೆಯಲ್ಲಿ ಬಿಳಿಚಿದ ಲ್ಯಾಪಿಸ್ ಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ನೆಟ್ಟಿದ್ದರು. ತಟಕ್ಕನೆ ಎದ್ದು ನಿರ್ದೇಶಕಿಯ ಒಪ್ಪಿಗೆ ಕೇಳಿ, ಚಿತ್ರದ ಬಿಳಿಚಿದ ಹೊದಿಕೆಯಿಂದ ಸೂಜಿಮೊನೆಯಷ್ಟು ಬಣ್ಣ ತಂದರು. ಅದನ್ನೂ ನೋಡಿದರು. ಮತ್ತೆ ನೋಡಿದರು.

“ನಾನು ದಡ್ಡ,” ಎಂದರು. “ನೀಲಿ ಹೋದರೆ ಎಲ್ಲ ಹೋಯ್ತು ಅಂದುಕೊಂಡೆ. ಗಣಿಯಿಂದ ಬಂದ ಕಲ್ಲಿನಲ್ಲಿ ಪೈರೈಟ್ ಅಂತ ಖನಿಜದ ಚೂರು ಇರುತ್ತೆ, ಚಿನ್ನದ ಹಾಗೆ ಹೊಳೆಯುತ್ತೆ. ಕಾರ್ಖಾನೆ ನೀಲಿಯಲ್ಲಿ ಇರಲ್ಲ. ನನ್ನ ಬಾಟಲಿಯ ಆ್ಯಸಿಡ್ ಅದನ್ನ ಕರಗಿಸಲ್ಲ.”

“ಇದೆಯಾ?” ನಿರ್ದೇಶಕಿ ಎದ್ದು ನಿಂತರು.

“ಇದೆ. ಪೈರೈಟ್ ಕಣಗಳು. ಇದು ಗಣಿಯ ಕಲ್ಲು. ಅಸಲಿ ಬಣ್ಣ.”

ಪ್ರೊಫೆಸರು ಕುರ್ಚಿಯಿಂದ ಏಳಲು ಹೋಗಿ ಮತ್ತೆ ಕೂತರು.

ಹುಡುಗಿ ಅವರ ತೋಳು ಹಿಡಿದು ಎಬ್ಬಿಸಿದಳು. ಕೋಪವಿರಲಿಲ್ಲ ಆ ಹಿಡಿತದಲ್ಲಿ, ಕರುಣೆಯೂ ಇರಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, “ನೋಡಿ ಮಾವ” ಎಂದಳು. ಅವರು ಕನ್ನಡಕ ತೆಗೆದರು, ಮಸೂರಕ್ಕೆ ಕಣ್ಣು ಒತ್ತಿದರು.

“ಹೊಳೀತಾ ಇದೆ,” ಎಂದರು ಕೊನೆಗೆ.

“ಹೂಂ. ಅವನು ನಿಮ್ಮನ್ನ ಸುಮ್ಮನೆ ಹೆದರಿಸಿದ್ದ.”

ಆಡಳಿತ ಮಂಡಳಿಯವರ ಹೆಜ್ಜೆ ಸಪ್ಪಳ ಮೆಟ್ಟಿಲ ಮೇಲೆ ಕೇಳಿತು. ನಿರ್ದೇಶಕಿ ಪ್ರೊಫೆಸರನ್ನು ಕರೆದುಕೊಂಡು ಅತ್ತ ಹೊರಟರು. ಮೇಷ್ಟ್ರು ಹುಡುಗಿಯ ಎದುರು ಕೆಮ್ಮಿ, “ಮೊಸರಮ್ಮಾ, ಆ ಅಂಟು ಇನ್ನೂ ಉಳಿದಿದೆಯಲ್ಲ, ಯಾವಾಗ ತೆಗೀತೀಯಾ?” ಎಂದರು. ಅವರ ಬಾಯಲ್ಲಿ ಕ್ಷಮೆ ಅಂದರೆ ಅಷ್ಟೇ ಇರಬೇಕು.

ಅವಳು ನೇರ ಪ್ರಯೋಗಾಲಯಕ್ಕೆ ಹೋದಳು. ತೆರೆದ ಬಾಗಿಲಲ್ಲಿ ನನಗೆ ಕಂಡಿತು — ರಾಡಿಯಾದ ತಟ್ಟೆಯನ್ನು ಹೊರಗೆ ತೆಗೆದಿಟ್ಟಳು. ಹೊಸದೊಂದಕ್ಕೆ ಜೀವಾಣು ಸವರಿದಳು. ಮುಚ್ಚಳ ಹಾಕಿ, ಬೋರಲು ಮಾಡಿ, ಕಪಾಟಿನ ಬೆಚ್ಚನೆಯ ಕತ್ತಲೊಳಗೆ ಮಲಗಿಸಿದಳು.