ಗಂಟೆ ಗಂಟೆಗೂ ನಲವತ್ತನೇ ನಿಮಿಷ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ರಂಗನಾಯಕ ಬರಲಿಲ್ಲ.

ಕೊಳ್ಳೇಗಾಲದ ಮನೆಯಲ್ಲಿ ಕೋಮಲ ಮೂರನೇ ಸಲ ಬಾಗಿಲಿಗೆ ಹೋಗಿ ಬಂದಳು. ಒಲೆಯ ಮೇಲೆ ಕೇಸರಿಬಾತ್ ಗಟ್ಟಿಯಾಗುತ್ತಿತ್ತು.

"ಬತ್ತಾರೆ ಬುಡವ್ವಾ. ಬಸ್ಸು ತಡವಾಗಿರ್ಬೇಕು," ಅಂದರು ಅವ್ವ.

ಹನ್ನೆರಡಾದ ಮೇಲೆ ಅವ್ವ ಆ ಮಾತನ್ನೂ ಆಡಲಿಲ್ಲ.

ಅವನ ಪರಿಚಯವಾದದ್ದು ಎರಡು ತಿಂಗಳ ಹಿಂದೆ, ಯಳಂದೂರಿನ ಹವ್ಯಾಸಿ ರೇಡಿಯೊ ಶಿಬಿರದಲ್ಲಿ. ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಕೋಮಲ ಅಲ್ಲಿ ಕಲಿಸುವವಳು. ಹೂಗ್ಯಂನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ರಂಗನಾಯಕ, ರೇಡಿಯೊದಲ್ಲಿ ಅಕ್ಷರ ಕಳಿಸುವ ಪುಟ್ಟ ಮೋಡೆಮ್‌ಗೆ ಬೆಸುಗೆ ಹಾಕುತ್ತಾ ಕೂತಿದ್ದ.

"ಇದೇನ್ರೀ ಬೆಸುಗೆ? ಮುಟ್ಟಿದ್ರೆ ಕಿತ್ಕೊಂಡು ಬರುತ್ತೆ!"

"ಬೆಸುಗೆ ನೋಡಿ ಬೈದ್ರಿ ಮೇಡಂ. ಸುಟ್ಕಂಡಿರೋ ಬೆರಳ್ನೂ ವಸಿ ನೋಡಿ."

ನೋಡಿದಳು. ಬೊಬ್ಬೆ ಎದ್ದಿತ್ತು. ಅವನು ನಗುತ್ತಿದ್ದ!

ಆಮೇಲೆ ದಿನಾ ಸಂಜೆ ಅವನ ರೇಡಿಯೊದಿಂದ ಹೂಗ್ಯಂನ ಮಳೆ ಅಳತೆ ಅವಳ ಕಂಪ್ಯೂಟರಿಗೆ ಬರತೊಡಗಿತು. ಮಳೆ ಬಾರದ ದಿನವೂ ಬರುತ್ತಿತ್ತು.

ಕಳೆದ ಸೋಮವಾರ ಹನೂರಿನ ಬಸ್ ನಿಲ್ದಾಣದಲ್ಲಿ ಅವನು ಕೇಳಿಯೇಬಿಟ್ಟ.

"ಬರೋ ಭಾನುವಾರ ನಮ್ಮವ್ವನ್ನ ಕರ್ಕಂಡು ನಿಮ್ಮನೇಗೆ ಬರ್ಲಾ? ನಮ್ಮೂರಲ್ಲಿ ಫೋನ್ ಸಿಗಾಕಿಲ್ಲ. ಒಪ್ಪಿಗೆ ಆದ್ರೆ ಶನಿವಾರದೊಳಗೆ ರೇಡಿಯೊದಲ್ಲಿ ತಿಳ್ಸಿ. ಏನೂ ಬರ್ದೇ ಇದ್ರೆ... ಮತ್ತೆ ಯಾವತ್ತೂ ಕೇಳಾಕಿಲ್ಲ."

ಶುಕ್ರವಾರ ಸಂಜೆ ಆರೂ ನಲವತ್ತಕ್ಕೆ ಅವಳು ಕಳಿಸಿದಳು. 'ಭಾನುವಾರ ಬನ್ನಿ. ಕೋಮಲ.'

ಎರಡೇ ಮಾತು. ಆದರೂ ಭಯ! ಅವರು ಬಳಸುತ್ತಿದ್ದ ಹಳೆಯ ವಿಧಾನದಲ್ಲಿ ಬೆಟ್ಟ ದಾಟುವಷ್ಟರಲ್ಲಿ ಒಂದು ಅಕ್ಷರ ಕೆಟ್ಟರೂ ಸಂದೇಶ ಪೂರ್ತಿ ಕಸ. ಹೊಸ ವಿಧಾನವೊಂದಿತ್ತು. ಅದು ದಾರಿಯಲ್ಲಿ ಕೆಟ್ಟ ಅಕ್ಷರಗಳನ್ನು ತಲುಪಿದ ಮೇಲೆ ಸರಿಪಡಿಸಿಕೊಳ್ಳುತ್ತದೆ. ಈ ಸಂದೇಶ ಮಾತ್ರ ಕೆಡಬಾರದೆಂದು ಅವಳು ಮೋಡೆಮ್‌ನ ಸ್ವಿಚ್ ಬದಲಿಸಿ ಹೊಸ ವಿಧಾನದಲ್ಲೇ ಕಳಿಸಿದಳು. ಅವನ ಉತ್ತರ ಬರುವವರೆಗೆ ಗಂಟೆಗೊಮ್ಮೆ ಮತ್ತೆ ಕಳಿಸಲು ಕಂಪ್ಯೂಟರಿಗೆ ಹೇಳಿಟ್ಟಳು.

ಉತ್ತರ ಬರಲಿಲ್ಲ. ದಿನಾ ಬರುತ್ತಿದ್ದ ಮಳೆ ಅಳತೆಯೂ ಬರಲಿಲ್ಲ. ಅವನೂ ಬರಲಿಲ್ಲ.

ಓದಿಯೂ ಸುಮ್ಮನಾದನೇ? ಮನಸ್ಸು ಬದಲಾಗಿದ್ದರೆ ಒಂದು ಮಾತು ಹೇಳಬಾರದಿತ್ತೇ...

ರಾತ್ರಿಯೆಲ್ಲ ಮಗ್ಗುಲು ಬದಲಿಸಿ, ಸೋಮವಾರ ಮೊದಲ ಬಸ್ಸು ಹತ್ತಿದಳು. ಹೂಗ್ಯಂ ಮುಟ್ಟಿದಾಗ ಹನ್ನೊಂದು ದಾಟಿತ್ತು.

ಮೋಟಾರು ರಿಪೇರಿ ಅಂಗಡಿ ಮುಂದೆ ಹುರುಳಿ ಕೇರುತ್ತಿದ್ದವರು ಅವನ ತಾಯಿ ದೊಡ್ಡಮಾದಮ್ಮ.

"ಯಾರವ್ವಾ ನೀನು?"

"ಕೊಳ್ಳೇಗಾಲದ ಕೋಮಲ."

ಮೊರ ನಿಂತಿತು. "ಓ... ನೀನೇಯಾ? ಮೂರು ದಿಸದಿಂದ ಅವ್ನು ಸರ್ಯಾಗಿ ಉಂಡಿಲ್ಲ. ಓಗು, ಒಳ್ಗೇ ಅವ್ನೆ. ನೀನೇ ಕೇಳು."

ಅವನು ತಂತಿ ಸುತ್ತುತ್ತಿದ್ದ. ತಲೆ ಎತ್ತಿ ನೋಡಿದವನ ಕೈ ಅಲ್ಲೇ ನಿಂತಿತು.

"ಯಾಕೆ ಬರ್ಲಿಲ್ಲ?" ಅಂದಳು.

"ನೀವು ಬಾ ಅನ್ಲಿಲ್ವಲ್ಲ ಮೇಡಂ."

"ಸುಳ್ಳು ಹೇಳ್ಬೇಡಿ! ಶುಕ್ರವಾರದಿಂದ ಕಳಿಸ್ತಾನೇ ಇದೀನಿ."

ಅವನು ಗೋಡೆಯ ಮೊಳೆಗೆ ನೇತುಹಾಕಿದ್ದ ಲಾಗ್ ಪುಸ್ತಕ ತಂದು ಮುಂದಿಟ್ಟ. ರೇಡಿಯೊದಲ್ಲಿ ಕೇಳಿದ್ದನ್ನೆಲ್ಲ ಹೊತ್ತಿನ ಸಮೇತ ಬರೆದಿಡಬೇಕೆಂದು ಶಿಬಿರದಲ್ಲಿ ಕಲಿಸಿದ್ದವಳು ಅವಳೇ.

ಶುಕ್ರವಾರ 6.40: ಬರೀ ಗರಗರ, ಅಕ್ಷರ ಇಲ್ಲ. 7.40: ಗರಗರ. 8.40: ಗರಗರ. ಶನಿವಾರ ಬೆಳಗಿನ 5.40...

ಅವಳು ಪುಟ ತಿರುವಿದಳು. ನಲವತ್ತು. ಮತ್ತೆ ನಲವತ್ತು. ಎಲ್ಲವೂ ನಲವತ್ತನೇ ನಿಮಿಷ!

ಸ್ವಿಚ್... ಎರಡೂ ಕಡೆ ಬದಲಿಸಬೇಕಿತ್ತು. ಹಳೆಯದರಲ್ಲೇ ಇರುವ ಮೋಡೆಮ್‌ಗೆ ಹೊಸದು ತಿಳಿಯುವುದಿಲ್ಲ. ಊರಿಗೆಲ್ಲ ಪಾಠ ಹೇಳುವವಳು ಅದನ್ನೇ ಮರೆತಿದ್ದಳು.

"ತಪ್ಪು ನಂದು," ಅಂದಳು. "ಈಗ ಗಂಟೆ ಎಷ್ಟು?"

"ಅನ್ನೊಂದೂ ಮೂವತ್ತೆರಡು."

ಅವನ ಮೋಡೆಮ್‌ನ ಸ್ವಿಚ್ ಅನ್ನು ಉಗುರಿನಿಂದ ಮೇಲೆತ್ತಿದಳು. "ಕೂತ್ಕೊಳ್ಳಿ. ಸಿಟ್ಟಿನಲ್ಲಿ ನಮ್ಮನೆ ರೇಡಿಯೊ ಆಫ್ ಮಾಡದೇ ಬಂದಿದೀನಿ."

ಎಂಟು ನಿಮಿಷ. ಅವಳು ಸೀರೆ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಕರೆಂಟ್ ಹೋದರೆ? ಅಲ್ಲಿ ಅವ್ವ ರೇಡಿಯೊ ಆಫ್ ಮಾಡಿಬಿಟ್ಟಿದ್ದರೆ?

ಹನ್ನೊಂದೂ ನಲವತ್ತು. ಗರಗರ ಸದ್ದು.

ಮೋಡೆಮ್‌ಗೆ ಜೋಡಿಸಿದ್ದ ಪರದೆಯ ಮೇಲೆ ಅಕ್ಷರ ಮೂಡಿದವು. 'ಭಾನುವಾರ ಬನ್ನಿ. ಕೋಮಲ.'

ರಂಗನಾಯಕ ಎರಡು ಸಲ ಓದಿದ. ಕಣ್ಣು ತುಂಬಿದ್ದವು.

"ಇದ್ನ ಎಷ್ಟು ಸಲ ಕಳ್ಸಿದ್ರಿ?"

"ನಿಮ್ಮ ಪುಸ್ತಕದಲ್ಲೇ ಇದೆಯಲ್ಲ, ಎಣಿಸಿ."

"ಇದು ಸಿಕ್ಕಿದ್ರೆ ನಾನು ದೇವ್ರಾಣೆ ಬರ್ತಿದ್ದೆ ಮೇಡಂ. ಇಷ್ಟ ಇಲ್ದೋರ ಬಾಗ್ಲು ತಟ್ಬಾರ್ದು ಅಂತ ಸುಮ್ನಾದೆ. ಆದ್ರೂ ರೇಡಿಯೊ ಆಫ್ ಮಾಡೋಕೆ ಮನ್ಸು ಬರ್ಲಿಲ್ಲ. ಅಲಾರಂ ಇಟ್ಕಂಡು ಎದ್ದು ಕೇಳ್ತಿದ್ದೆ."

"ಬರೀ ಗರಗರಾನಾ?"

"ಊಂ. ನಿಮ್ ಕಡೆಯಿಂದ ಏನಾರ ಒಂದು ಬರ್ತದೇನೋ ಅಂತ."

ಕೋಮಲ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. "ಇನ್ಮೇಲೆ ಮೇಡಂ ಅನ್ಬೇಡಿ."

"ಮತ್ತೇನನ್ನಲಿ?"

"ಸಂದೇಶದ ಕೊನೇಲಿ ಬರ್ದಿದೆಯಲ್ಲ."

ಅವನು ಪರದೆ ನೋಡಿದ. ಮೆಲ್ಲಗೆ ಓದಿದ. "ಕೋಮಲ."

ಹೊರಗಿನಿಂದ ದೊಡ್ಡಮಾದಮ್ಮ ಕೂಗಿದರು. "ಲೇ, ಈಗ್ಲಾರ ಉಣ್ತೀಯೇನ್ಲಾ?"

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ರಂಗನಾಯಕ ಮತ್ತು ದೊಡ್ಡಮಾದಮ್ಮ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಇಳಿದರು.