ಶತ್ರು ಸುಟ್ಟ ಎಣ್ಣೆ ಮಳಿಗೆ

ಯುದ್ಧ ಮುಗಿದು ಊರಿಗೆ ಮರಳಿದ ಒಡತಿಗೆ ತನ್ನ ಎಣ್ಣೆ ಮಳಿಗೆಯ ಜಾಗದಲ್ಲಿ ಕಂಡದ್ದು ಕರಕಲಾದ ಮೂರು ಟ್ಯಾಂಕು, ಕುಸಿದ ಗೋಡೆ, ಬೀಗ ಜಡಿದ ಗೇಟು.

ಸುಟ್ಟವರಾರು? ಶತ್ರುವಿನ ಗುಂಡಾದರೆ ಆಕೆಗೆ ಚಿಕ್ಕಾಸೂ ಇಲ್ಲ. ಶತ್ರುವಿಗೆ ಎಣ್ಣೆ ದಕ್ಕಬಾರದೆಂದು ನಮ್ಮವರೇ ಸುಟ್ಟಿದ್ದರೆ ಸರ್ಕಾರ ನಷ್ಟ ತುಂಬಿಕೊಡಬೇಕು. ಅದಕ್ಕೇ ಯುದ್ಧಕ್ಕೆ ಮುಂಚಿನಿಂದ ಊರಿನ ಸರ್ಕಾರಿ ಅಧಿಕಾರಿಯಾಗಿದ್ದು ಈಗ ಪರಿಹಾರ ಹಂಚುವ ಸಾಹೇಬರು ಪ್ರಾಣ ಹೋದರೂ 'ಶತ್ರು' ಎಂಬ ಮಾತು ಬಿಡಲೊಲ್ಲರು. ಆಕೆಯ ಬದುಕೆಲ್ಲ ಆ ಮಳಿಗೆಯಲ್ಲಿತ್ತು. ಪತ್ತೇದಾರನಾದ ನನ್ನ ಷಡ್ಡಕನನ್ನು ಕರೆಸಿದಳು. ಬಾಲದಂತೆ ನಾನೂ ಹೋದೆ.

ಗೋಡೆಯ ಬಿರುಕಿನಲ್ಲಿ ಎಲ್ಲರೂ ಒಳಗೆ ನುಸುಳಿದೆವು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದಿದ್ದರು, ನಾವೇ ನಾರುತ್ತಿದ್ದೇವೆ ಎಂಬಂತೆ.

"ನೋಡೋಕೇನಿದೆ ರೀ? ಗುಂಡು ಬಿತ್ತು, ಉರೀತು."

"ಆಗ ನೀವೆಲ್ಲಿದ್ರಿ?" ಷಡ್ಡಕ ಕೇಳಿದ.

"ಹಿಂದಿನ ದಿನವೇ ಊರು ಬಿಟ್ಟಿದ್ದೆ. ಮತ್ತೆ ಕಾಲಿಟ್ಟಿದ್ದು ಯುದ್ಧ ಮುಗಿದ ಮೇಲೆ."

"ಮೂರೂ ಟ್ಯಾಂಕಿನ ನಲ್ಲಿ ತೆರೆದಿವೆ— ಗುಂಡು ಬಂದು ತಿರುಗಿಸ್ತಾ?"

"ಈಯಮ್ಮನೇ ತಿರುಗಿಸಿರಬೇಕು. ಪರಿಹಾರದ ಆಸೆ!"

ಒಡತಿ ಕೆಂಡವಾದಳು. "ನನ್ನ ಅನ್ನಕ್ಕೆ ನಾನೇ ಬೆಂಕಿ ಇಟ್ಕೊಳ್ತೀನಾ?"

ಷಡ್ಡಕ ಗೇಟಿನ ಬಳಿ ಹೋಗಿ ಕೈ ಹೊರಗೆ ತೂರಿಸಿ ಬೀಗ ತಡವಿದ. ಅದರ ಮೇಲೆ ಅರಗಿನ ಸರ್ಕಾರಿ ಮೊಹರಿತ್ತು.

"ಇದನ್ನ ಹಾಕಿದ್ದು?"

"ನಾನೇ! ಯುದ್ಧ ಮುಗಿದು ಬಂದಾಗ. ಮೊಹರು ನನ್ನ ಜೇಬು ಬಿಟ್ಟು ಆಚೆ ಹೋಗಲ್ಲ." ಸಾಹೇಬರ ಎದೆ ಉಬ್ಬಿತು.

ಷಡ್ಡಕ ಮೊಹರನ್ನು ಉಜ್ಜಿದ. ಹೆಬ್ಬೆರಳು ಕಪ್ಪಾಯಿತು. ಅರಗಿನ ಒಂದು ಚೂರು ಕಿತ್ತ— ಅದರಡಿ ಬೀಗ ಫಳಫಳ ಹೊಳೆಯುತ್ತಿತ್ತು.

"ಮಸಿ ಮೊಹರಿನ ಮೇಲಿದೆ, ಕೆಳಗಿಲ್ಲ. ಅಂದ್ರೆ ಮೊಹರು ಮೊದಲು, ಹೊಗೆ ಆಮೇಲೆ. ನಲ್ಲಿ ತಿರುಗಿಸಿ, ಕಡ್ಡಿ ಗೀರಿ, ಓಡೋ ಮುಂಚೆ ಗೇಟಿಗೆ ಬೀಗಮುದ್ರೆ ಹಾಕಿದ್ರಿ. ಉರಿಯೋ ಮಳಿಗೆಗೆ ಬೀಗಮುದ್ರೆ! ನಿಮಗಲ್ಲದೆ ಇನ್ಯಾರಿಗೆ ಸಾಹೇಬ್ರೇ ಇಂಥ ಬುದ್ಧಿ ಹೊಳೆಯೋದು?"

ಕರವಸ್ತ್ರ ಮೂಗಿನಿಂದ ಹಣೆಗೆ ಏರಿತು.

"ಮೇಲಿನ ಆದೇಶ ಇತ್ತಾ? ಇದ್ರೆ ಸರ್ಕಾರ ಕಟ್ಟಿಕೊಡಬೇಕು. ಇಲ್ಲ ಅಂದ್ರೆ ಬೆಂಕಿ ಇಟ್ಟ ಕಳ್ಳ ನೀವೇ. ಯಾವುದು ಬರ್ಕೊಳ್ಳಲಿ?"

"ಆ... ಆದೇಶ ಇತ್ತು."

ನನಗೆ ಅಸಹ್ಯದಿಂದ ಮೈ ಉರಿಯಿತು. ಒಡತಿ ಮಾತ್ರ ಅವರನ್ನೇ ದಿಟ್ಟಿಸಿ ನೋಡಿದಳು.

"ಶತ್ರು ಕೈಗೆ ಸಿಗಬಾರದು ಅಂತ ಅವತ್ತು ಒಂದು ಮಾತು ಕೇಳಿದ್ರೆ ಕಡ್ಡಿ ನಾನೇ ಗೀರ್ತಿದ್ದೆನಲ್ಲ ಸ್ವಾಮಿ."