ಓದುಮುದ್ರೆ

ಗಾಜಿನ ಹಲಗೆಯ ಮೂಲೆಯಲ್ಲಿದ್ದ ಹಸಿರು ಉಂಗುರ ಮುಕ್ಕಾಲು ಭಾಗ ತುಂಬಿ ನಿಂತುಬಿಟ್ಟಿತು. ಸಹಿ ಹಾಕಲು ಪೆನ್ನು ಎತ್ತಿದ್ದ ಗುರುಶಾಂತ ಮುಧೋಳ ಕೈ ತಡೆದು ಹಲಗೆಯನ್ನು ನೋಡಿದರು.

“ಯಾಕ ನಿಂತತ್ರಿ ಇದು? ಕೆಟ್ಟೈತೇನು?”

“ಕೆಟ್ಟಿಲ್ರಿ. ನೀವು ಏಳನೇ ಸಾಲಿನಿಂದ ಒಂಬತ್ತನೇ ಸಾಲಿನ ತನಕ ಓದಿಲ್ಲ,” ಎಂದರು ಎದುರಿಗೆ ಕುಳಿತಿದ್ದ ಡಾ. ಗಂಗಾಂಬಿಕೆ ಅಂಗಡಿ.

ಅದು ೨೦೫೮ನೆಯ ಇಸವಿ. ಹುಬ್ಬಳ್ಳಿಯ ಹೊರವಲಯದಲ್ಲಿ ಕಿವಿಯಂತ್ರಗಳನ್ನು ತಯಾರಿಸುವ ‘ಶ್ರವಣಿ’ ಕಂಪನಿಗೆ ಗುರುಶಾಂತರು ಒಂಬತ್ತು ವರ್ಷಗಳಿಂದ ಮುಖ್ಯಸ್ಥರು. ಮುಂದಿನ ತಿಂಗಳಿಂದ ಒಂದು ಹೊಸ ನಿಯಮ ಜಾರಿಗೆ ಬರುವುದಿತ್ತು. ಅಧಿಕಾರಿಯೊಬ್ಬರ ಹೆಸರಿನಲ್ಲಿ ಹೊರಗೆ ಹೋಗುವ ಪ್ರತಿಯೊಂದು ಉತ್ತರದ ಮೇಲೂ, ಬಂದ ಪತ್ರವನ್ನು ಮನುಷ್ಯರು ಓದಿದ್ದಾರೋ ಇಲ್ಲವೋ ಎಂಬ ಗುರುತು ಇರಬೇಕು. ಓದಿದ್ದರೆ ಹಸಿರು ಉಂಗುರ, ಓದಿರದಿದ್ದರೆ ಬೂದು. ಓದಲೇಬೇಕು ಎಂದು ನಿಯಮ ಹೇಳುತ್ತಿರಲಿಲ್ಲ. ಸುಳ್ಳು ಹೇಳಬಾರದು ಎಂದಷ್ಟೇ ಹೇಳುತ್ತಿತ್ತು. ಪತ್ರದ ಮೇಲಿಟ್ಟು ಓದಿದರೆ ಆ ಗುರುತು ಹಾಕುವ ಗಾಜಿನ ಹಲಗೆಯೇ ಓದುಮುದ್ರೆ. ಅದನ್ನು ಕಂಡುಹಿಡಿದ ಧಾರವಾಡದ ಗಂಗಾಂಬಿಕೆ ತಾವೇ ತೋರಿಸಲು ಬಂದಿದ್ದರು.

ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ; ಗುಬ್ಬಿಯಂತೆ ಕುಪ್ಪಳಿಸುತ್ತದೆ. ಒಂದು ಪದದ ಮೇಲೆ ಕಾಲು ಸೆಕೆಂಡು ನಿಲ್ಲುತ್ತದೆ, ಮುಂದಕ್ಕೆ ಜಿಗಿಯುತ್ತದೆ, ಅರ್ಥವಾಗದಿದ್ದರೆ ಹಿಂದಕ್ಕೆ ಬರುತ್ತದೆ. ಮನಸ್ಸು ಬೇರೆಲ್ಲೋ ಇದ್ದು ಕಣ್ಣು ಮಾತ್ರ ಆಡುತ್ತಿದ್ದರೆ ಈ ನಿಲುಗಡೆಗಳ ಲಯವೇ ಬೇರೆಯಾಗುತ್ತದೆ. ಗಾಜಿನ ಹಲಗೆಯಿಂದ ಹೊಮ್ಮುವ, ಕಣ್ಣಿಗೆ ಕಾಣದ ಬೆಳಕು ಈ ಜಿಗಿತಗಳನ್ನೆಲ್ಲ ಅಳೆದು ಉಂಗುರವನ್ನು ತುಂಬುತ್ತಿತ್ತು.

“ನೋಡ್ರಿ ಮೇಡಂ,” ಎಂದರು ಗುರುಶಾಂತರು, ಬೇಸರ ಮುಚ್ಚಿಡದೆ. “ದಿನಕ್ಕ ಎರಡು ಸಾವಿರ ಪತ್ರ ಬರ್ತಾವ. ಅರ್ಧಕ್ಕರ್ಧ ಸಾಲಿ ಹುಡುಗ್ರವು. ‘ನಿಮ್ಮ ಯಂತ್ರ ಹೆಂಗ ಕೆಲಸ ಮಾಡತೈತಿ, ಪ್ರಾಜೆಕ್ಟಿಗೆ ಬೇಕು’ ಅಂತ. ಅವನ್ನೆಲ್ಲ ನಾ ಓದಿಕೋತ ಕುಂತ್ರ ಕಂಪನಿ ನಡಸಾವ್ರು ಯಾರು? ನಮ್ಮ ಉತ್ತರದ ಯಂತ್ರ ನನಗಿಂತ ಚಂದ ಬರೀತೈತಿ.”

“ಬರೀಲಿ ಬಿಡ್ರಿ. ಆದ್ರ ಅದರ ಕೆಳಗ ನಿಮ್ಮ ಹೆಸರು ಯಾಕ ಹಾಕ್ತೀರಿ?”

ಮಾತು ಮುಗಿಸುವುದಕ್ಕೆಂದೇ ಗುರುಶಾಂತರು ಹಲಗೆಯ ಕೆಳಗಿನ ಪತ್ರಕ್ಕೆ ಮರಳಿದರು. ಪರೀಕ್ಷೆಗೆಂದು ರಾಶಿಯಿಂದ ಕಣ್ಣುಮುಚ್ಚಿ ತೆಗೆದದ್ದು ಅದು. ಅಣ್ಣಿಗೇರಿಯ ಹೈಸ್ಕೂಲಿನ ಒಂಬತ್ತನೆಯ ತರಗತಿಯ ಮೆಹರುನ್ನಿಸಾ ನದಾಫ್ ಎಂಬ ಹುಡುಗಿ ಬರೆದಿದ್ದಳು. ಮೊದಲ ಆರು ಸಾಲು ನಮಸ್ಕಾರ, ಪರಿಚಯ, ಕಂಪನಿಯ ಹೊಗಳಿಕೆ. ಏಳನೆಯ ಸಾಲಿನಿಂದ ಹೀಗಿತ್ತು:

‘ನಮ್ಮ ಅಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ನಿಮ್ಮ ಯಂತ್ರ ಹಾಕಿಕೊಂಡರೆ ಅವರಿಗೆ ನನ್ನ ಮಾತು ಕೇಳುತ್ತದೆ, ಆದರೆ ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ಆಗುವ ಟೀಂ ಟೀಂ ಶಬ್ದ ಕೇಳುವುದಿಲ್ಲ. ನಾನು ತಟ್ಟೆಗೆ ಚಮಚದಿಂದ ನಲವತ್ತು ಸಲ ಬಡಿದು ನೋಡಿದೆ. ಒಂದೇ ಸಮನೆ ಬಡಿದರೆ ಅಪ್ಪ ತಿರುಗಲಿಲ್ಲ, ಹೆಚ್ಚುಕಡಿಮೆ ಮಾಡಿ ಬಡಿದರೆ ತಿರುಗಿದರು. ಇದು ಯಾಕೆ? ಇದು ನನ್ನ ನಾಲ್ಕನೆಯ ಪತ್ರ.’

ಉಂಗುರ ಪೂರ್ತಿ ತುಂಬಿ ಬೆಳಗಿತು. ಗುರುಶಾಂತರು ಅದನ್ನು ನೋಡಲಿಲ್ಲ. ಮೊದಲಿನ ಮೂರು ಪತ್ರಗಳಿಗೆ ಕಂಪನಿ ಏನು ಉತ್ತರ ಕೊಟ್ಟಿದೆ ಎಂದು ತರಿಸಿ ನೋಡಿದರು. ಮೂರರಲ್ಲೂ ‘ಪ್ರಿಯ ವಿದ್ಯಾರ್ಥಿನಿ, ನಿನ್ನ ಕುತೂಹಲ ನಮಗೆ ಅಪಾರ ಸಂತೋಷ ತಂದಿದೆ’ ಎಂದಿತ್ತು. ಮೂರರ ಕೆಳಗೂ ಅವರದೇ ಹೆಸರಿತ್ತು.

ಅವರು ಪ್ರಯೋಗಾಲಯದ ಎಂಜಿನಿಯರ್ ಸಹನಾಳನ್ನು ಕರೆಸಿದರು. ಸಹನಾ ಪತ್ರವನ್ನು ಎರಡು ಸಲ ಓದಿ, ಕುರ್ಚಿ ಎಳೆದುಕೊಂಡು ಕುಳಿತಳು.

“ಸರ್, ನಮ್ಮ ಯಂತ್ರ ಹಾಕ್ಕೊಂಡವರ ಸುತ್ತಲಿನ ಗದ್ದಲಾನ ಕಲಕೋತೈತಿ. ದಿನಾ ಒಂದೇ ಲಯದಾಗ ಬರೋ ಶಬ್ದಾನ ಬ್ಯಾಡಾದ್ದು ಅಂತ ತಿಳದು ಅಳಸತೈತಿ. ಮಿಲ್ಲಿನ ಟಕ್ ಟಕ್ ಅರ್ಧ ಸೆಕೆಂಡಿಗೊಮ್ಮೆ. ಟ್ರ್ಯಾಕ್ಟರಿಂದೂ ಹತ್ತತ್ತಿರ ಅಷ್ಟ ಇರಬೇಕು.”

“ನಾವು ಪರೀಕ್ಷೆ ಮಾಡ್ಲಿಲ್ಲೇನು?”

“ನಾಕು ದಿನ ಮಾಡಿದ್ವಿ ಸರ್. ಅದು ಪೂರಾ ಕಲೀಲಿಕ್ಕೆ ಎರಡು ವಾರ ಬೇಕು.” ಅವಳ ದನಿ ಇಳಿದಿತ್ತು. “ಈ ಹುಡುಗಿ ನಮಗಿಂತ ಹೆಚ್ಚು ದಿನ ನೋಡ್ಯಾಳ.”

ಗುರುಶಾಂತರು ಉತ್ತರ ಬರೆಯಲು ಕುಳಿತರು. ಉತ್ತರದ ಯಂತ್ರವನ್ನು ಮುಟ್ಟಲಿಲ್ಲ. ಮೊದಲು ಬರೆದದ್ದು ಸರ್ಕಾರಿ ಸುತ್ತೋಲೆಯಂತಾಯಿತು, ಹರಿದರು. ಎರಡನೆಯದು ಭಾಷಣದಂತಾಯಿತು. ಕೊನೆಗೆ ಉಳಿದದ್ದು ನಾಲ್ಕೇ ವಾಕ್ಯ. ‘ಮೆಹರುನ್ನಿಸಾ, ನಿನ್ನ ಪತ್ರವನ್ನು ಇವತ್ತು ಓದಿದೆ. ಹಿಂದಿನ ಮೂರನ್ನು ನಾನು ಓದಿರಲಿಲ್ಲ, ಕ್ಷಮಿಸು. ನೀನು ಬಡಿದಾಗ ಅಪ್ಪ ಮಿಲ್ಲಿನಿಂದ ಬಂದು ಎಷ್ಟು ಹೊತ್ತಾಗಿತ್ತು? ನಾವು ಯಂತ್ರವನ್ನು ತಿದ್ದುವವರೆಗೆ ಮಿಲ್ಲಿನಲ್ಲಿ ಅದನ್ನು ನಂಬದೆ ಹಿಂದೆಮುಂದೆ ನೋಡಿಕೊಂಡು ಓಡಾಡಲು ಅಪ್ಪನಿಗೆ ಹೇಳು.’

ಮರುದಿನವೇ ಉತ್ತರ ಬಂತು. ನಾಲ್ಕು ಪುಟ, ಜೊತೆಗೆ ಯಾವ ಹೊತ್ತಿನಲ್ಲಿ ಬಡಿದಾಗ ಅಪ್ಪ ತಿರುಗಿದರು, ಯಾವಾಗ ತಿರುಗಲಿಲ್ಲ ಎಂಬ ಒಂದು ಕೋಷ್ಟಕ. ಗುರುಶಾಂತರೂ ಸಹನಾಳೂ ಅದನ್ನು ಹಿಡಿದುಕೊಂಡು ಅಣ್ಣಿಗೇರಿಗೆ ಹೋದರು. ಮೆಹರುಳ ತಂದೆ ಖಾದರಸಾಬರು ಮಿಲ್ಲಿನ ಗೇಟಿನಲ್ಲಿ ನಿಂತಿದ್ದರು, ಗಡ್ಡಕ್ಕೆಲ್ಲ ಹತ್ತಿಯ ಎಳೆ. ಮೆಹರು ತಟ್ಟೆ ಚಮಚ ಹಿಡಿದುಕೊಂಡೇ ಬಂದಿದ್ದಳು.

“ಸಾಹೇಬ್ರ, ಖರೇನ ನೀವ ಓದಿದ್ರಿ?” ಎಂದು ಕೇಳಿದರು ಖಾದರಸಾಬರು. “ನಾ ಇಕಿಗೆ ಹೇಳಿದ್ದೆ, ಬಿಡವಾ, ದೊಡ್ಡ ಮಂದಿ ಇದನ್ನೆಲ್ಲ ಎಲ್ಲಿ ನೋಡ್ತಾರ ಅಂತ.”

“ನಾನೂ ಬಿಡಬೇಕಂತ ಮಾಡಿದ್ನಿರಿ,” ಎಂದಳು ಮೆಹರು. “ಮೂರನೇ ಉತ್ತರಾನೂ ಮೊದಲಿನಂಗ ಬಂದಾಗ ನಾ ಕೇಳಿದ್ದ ತಪ್ಪಿರಬೇಕು ಅನಸ್ತು. ಅಪ್ಪಗ ಟ್ರ್ಯಾಕ್ಟರ್ ಹಾಯೂದು ಸ್ವಲ್ಪದಾಗ ತಪ್ಪಿತಲ್ಲ, ಅದಕ್ಕ ಇನ್ನೊಂದು ಬರದೆ.”

ಅವಳ ಲೆಕ್ಕ ಸರಿಯಾಗಿತ್ತು. ಒಂದು ವಾರದಲ್ಲಿ ಸಹನಾ ದೋಷವನ್ನು ತಿದ್ದಿದಳು; ಒಂದು ತಿಂಗಳಲ್ಲಿ ನಾಡಿನ ಗಿರಣಿ, ಮಿಲ್ಲುಗಳಲ್ಲಿದ್ದ ‘ಶ್ರವಣಿ’ ಯಂತ್ರಗಳೆಲ್ಲ ತಿದ್ದುಪಡಿಯಾದವು. ಅಲ್ಲಿಗೆ ಎಲ್ಲ ಮುಗಿಯಿತೆಂದು ಕಂಪನಿಯವರು ನಿರಾಳರಾದರು. ಗುರುಶಾಂತರಿಗೆ ಮಾತ್ರ ಸಮಾಧಾನವಿರಲಿಲ್ಲ. ಇದೇ ಮಾತನ್ನು ಬೇರೆ ಯಾರಾದರೂ ಬರೆದಿದ್ದರೇ? ಹಳೆಯ ಪತ್ರಗಳಲ್ಲಿ ಹುಡುಕಿಸಿದರು. ಹದಿನೇಳು ಜನ ಬರೆದಿದ್ದರು. ಹದಿನೇಳು ಜನರಿಗೂ ಅವರ ಹೆಸರಿನಲ್ಲಿ ಒಂದೇ ಸಲಹೆ ಹೋಗಿತ್ತು: ಯಂತ್ರವನ್ನು ಮೃದುವಾದ ಬಟ್ಟೆಯಿಂದ ಒರೆಸಿರಿ.

ಅವುಗಳಲ್ಲಿ ಒಂದು ಸಿಂಧನೂರಿನ ಕಡೆಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲ ಬಸಪ್ಪನ ಹೆಂಡತಿ ಬರೆದದ್ದು. ಗಂಡನಿಗೆ ಲಾರಿಯ ಶಬ್ದ ಕೇಳುತ್ತಿಲ್ಲ, ಹೆದರಿಕೆಯಾಗುತ್ತಿದೆ ಎಂದು ಆಕೆ ಬರೆದ ಐದು ತಿಂಗಳಿಗೆ ಬಸಪ್ಪನ ಎಡಗಾಲು ಲಾರಿಯ ಕೆಳಗೆ ಸಿಕ್ಕಿತ್ತೆಂಬುದು ವಿಚಾರಿಸಿದಾಗ ತಿಳಿಯಿತು. ಆ ಪತ್ರವನ್ನು ಗುರುಶಾಂತರು ಹಲಗೆಯ ಕೆಳಗಿಟ್ಟು ಓದಿದರು. ಮರುದಿನ ಸಿಂಧನೂರಿಗೆ ಹೋದರು. ಬಸಪ್ಪನ ಹೆಂಡತಿ ಬೈಯಲಿಲ್ಲ, ಅಳಲಿಲ್ಲ. “ಆವಾಗ ಒಂದ್ ಫೋನ್ ಮಾಡಿದ್ರ ಆಗ್ತಿತ್ತಲ್ರಿ,” ಎಂದಷ್ಟೇ ಹೇಳಿದಳು. ಬಸಪ್ಪನ ಚಿಕಿತ್ಸೆಯನ್ನೂ ಕೃತಕ ಕಾಲನ್ನೂ ಕಂಪನಿ ವಹಿಸಿಕೊಂಡಿತು. ಗಿರಣಿಯ ಗೇಟಿನಲ್ಲಿ ಕುಳಿತು ಮಾಡುವ ಕೆಲಸವೂ ಅವನಿಗೆ ಸಿಕ್ಕಿತು. ಆದರೆ ಆ ಒಂದು ಮಾತು ಗುರುಶಾಂತರನ್ನು ಬಿಡಲಿಲ್ಲ.

ಅವರು ಧಾರವಾಡಕ್ಕೆ ಹೋಗಿ ಗಂಗಾಂಬಿಕೆಯವರ ಮುಂದೆ ಕುಳಿತರು. “ಇನ್ನ ಮ್ಯಾಲೆ ಎಲ್ಲಾ ಪತ್ರಾನೂ ನಾನ ಓದ್ತೀನ್ರಿ.”

ಗಂಗಾಂಬಿಕೆ ನಕ್ಕುಬಿಟ್ಟರು. “ಆಗೂದಿಲ್ರಿ. ಎರಡು ದಿನದಾಗ ಕಣ್ಣು ಸೋಲ್ತಾವ, ಮೂರನೇ ದಿನ ಉಂಗುರ ತುಂಬೂದು ನಿಲ್ಲತೈತಿ. ಎಷ್ಟು ಮನಸಿಟ್ಟು ಓದಾಕ ಆಗತೈತೋ ಅಷ್ಟ ಓದ್ರಿ. ಉಳಿದದ್ದಕ್ಕ, ಯಂತ್ರ ಉತ್ತರ ಕೊಟ್ಟೈತಿ ಅಂತ ಖರೇ ಹೇಳ್ರಿ.”

ಹಾಗೆಯೇ ಮಾಡಿದರು. ‘ಶ್ರವಣಿ’ಯ ಎಲ್ಲ ಅಧಿಕಾರಿಗಳೂ ದಿನಕ್ಕೆ ಹತ್ತು ಪತ್ರಗಳನ್ನು ಚೀಟಿ ಎತ್ತಿ ಆರಿಸಿ, ಓದಿ, ತಾವೇ ಉತ್ತರಿಸಬೇಕು. ಉಳಿದವಕ್ಕೆ ಬೂದು ಉಂಗುರ, ಅದರ ಜೊತೆಗೆ ‘ಇದನ್ನು ಮನುಷ್ಯರೇ ಓದಬೇಕು ಅನ್ನಿಸಿದರೆ ಇಲ್ಲಿ ಒತ್ತಿರಿ’ ಎಂಬ ಸಾಲು. ಎಲ್ಲರೂ ಒತ್ತುತ್ತಾರೆ ಎಂದು ಅಧಿಕಾರಿಗಳು ಹೆದರಿದ್ದರು. ನೂರಕ್ಕೆ ನಾಲ್ವರು ಮಾತ್ರ ಒತ್ತಿದರು. ಇನ್ನೊಂದು ಬದಲಾವಣೆ ಯಾರೂ ಎಣಿಸಿರದ್ದು. ಯಂತ್ರದಿಂದ ಬರೆಸಿ ಕಳಿಸುವ ವಿದ್ಯಾರ್ಥಿಗಳು ಕಡಿಮೆಯಾದರು. ಆ ಕಡೆ ಒಬ್ಬ ಮನುಷ್ಯ ಓದಬಹುದು ಎಂದು ಗೊತ್ತಾದ ಮೇಲೆ ಮಕ್ಕಳು ಯೋಚಿಸಿ, ತಿದ್ದಿ, ತಮ್ಮದೇ ಕೈಯಲ್ಲಿ ಬರೆಯತೊಡಗಿದರು. ಆರನೆಯ ತರಗತಿಯ ಒಬ್ಬ ಹುಡುಗಿ ‘ನೀವು ಆಫೀಸಿನಲ್ಲಿ ದಿನವಿಡೀ ಏನು ಮಾಡುತ್ತೀರಿ?’ ಎಂದು ಕೇಳಿದಾಗ ಗುರುಶಾಂತರು ಎರಡು ದಿನ ತಿಣುಕಾಡಿ ಉತ್ತರ ಬರೆದರು.

ವರ್ಷ ಕಳೆದ ಮೇಲೆ ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪ್ರದರ್ಶನ ನಡೆಯಿತು. ಗಂಗಾಂಬಿಕೆ ಓದುಮುದ್ರೆಯನ್ನು ಬಿಚ್ಚಿ ಮಕ್ಕಳಿಗೆ ತೋರಿಸುತ್ತಿದ್ದರು. ಮೆಹರು ಕೇಳಿದಳು: “ಮೇಡಂ, ಇದನ್ನ ಮಾಡಬೇಕಂತ ನಿಮಗ ಹೆಂಗ ಹೊಳೀತ್ರಿ?”

“ನಾ ಕಾಲೇಜು ಓದೋಮುಂದ, ೨೦೨೬ರಾಗ, ನಲವತ್ತು ಕಂಪನಿಗೆ ಪತ್ರ ಬರದಿದ್ದೆ. ಕಣ್ಣು ಹೆಂಗ ಓದತೈತಿ ಅಂತ ಮೂರು ಪ್ರಶ್ನೆ. ಮೂವತ್ತೊಂಬತ್ತು ಕಂಪನಿಯಿಂದ ಏನೂ ಬರಲಿಲ್ಲ, ಬಂದ್ರೂ ಅಚ್ಚು ಹಾಕಿದ್ದ ಉತ್ತರ. ಕನ್ನಡಕದ ಗಾಜು ಮಾಡೋ ಸಣ್ಣ ಕಾರ್ಖಾನಿಯ ಮ್ಯಾನೇಜರ್ ಒಬ್ಬರು ಮಾತ್ರ ಎರಡು ಸಾಲು ಬರದ್ರು. ‘ನಿನ್ನ ಎರಡನೇ ಪ್ರಶ್ನೆಗೆ ನನಗೂ ಉತ್ತರ ಗೊತ್ತಿಲ್ಲ. ನಿನಗೆ ಗೊತ್ತಾದರೆ ನನಗೂ ತಿಳಿಸು’ ಅಂತ.”

“ಅವರು ಓದ್ಯಾರಂತ ನಿಮಗ ಹೆಂಗ ಗೊತ್ತಾತು? ಆವಾಗ ಈ ಹಲಗಿ ಇರಲಿಲ್ಲಲ್ರಿ?”

ಗಂಗಾಂಬಿಕೆ ಬಿಚ್ಚಿದ ಗಾಜನ್ನು ಮೇಜಿನ ಮೇಲಿಟ್ಟರು.

“ನೀನ ಹೇಳು ನೋಡೂಣು,” ಎಂದರು.

“ಎರಡನೇ ಪ್ರಶ್ನೆಗೆ ಅಂತ ಬರದಾರಲ್ರಿ,” ಎಂದಳು ಮೆಹರು. ಆಮೇಲೆ ಥಟ್ಟನೆ ಕೇಳಿದಳು: “ನಿಮಗ ಉತ್ತರ ಸಿಕ್ಕ ಮ್ಯಾಲೆ ಅವರಿಗೆ ತಿಳಿಸಿದ್ರೇನು?”

“ಹನ್ನೊಂದು ವರ್ಷ ಬೇಕಾತು. ತಿಳಿಸಿದೆ. ಅವರು ನಿವೃತ್ತರಾಗಿ ಮನಿಯಾಗಿದ್ರು. ಎಂಟು ದಿನದಾಗ ಉತ್ತರ ಬಂತು, ಮತ್ತೊಂದು ಪ್ರಶ್ನೆ ಇತ್ತು ಅದರಾಗ.”